ಕಿವಿಬಂಡೆಯ ಮಂಗಳ

ಸಾರಕ್ಕಿಯಿಂದಾಚೆ, ರಾಗಿ ಹೊಲಗಳು ಮುಗಿಯುವಲ್ಲಿ ಕಿವಿಬಂಡೆ ಅಂತ ಒಂದು ಬಂಡೆ ಇತ್ತು. ಮಲಗಿದ ಆನೆಯ ಕಿವಿಯಂತೆ ಒಳಕ್ಕೆ ಬಾಗಿದ ಕರಿಕಲ್ಲು. ಅದರ ಬುಡದಲ್ಲಿ ಕೂತು ಪಿಸುಗುಟ್ಟಿದರೆ ಮೇಲಿನ ಅಂಚಿನಲ್ಲಿದ್ದವನಿಗೆ ಪಕ್ಕದಲ್ಲೇ ಮಾತಾಡಿದಂತೆ ಕೇಳುತ್ತಿತ್ತು. ಊರಿನವರು ಅಲ್ಲಿ ಎಷ್ಟು ತಲೆಮಾರಿನಿಂದ ಭಜನೆ ಮಾಡುತ್ತಿದ್ದರೋ, ಲೆಕ್ಕ ಇಟ್ಟವರಿಲ್ಲ. ಬಸವನಗುಡಿಯವರಿಗೆ ಅದು ಗೊತ್ತಾದದ್ದು ಸಾವಿರದ ಒಂಬೈನೂರ ಐವತ್ತರ ಆಸುಪಾಸಿನಲ್ಲಿ. ಬನಶಂಕರಿ ಗುಡಿಗೆ ಬಂದ ನಾಲ್ಕು ಜನ ಸಂಗೀತದ ಹುಚ್ಚರು ಬುತ್ತಿ ಬಿಚ್ಚಲು ನೆರಳು ಹುಡುಕುತ್ತ ಅಲ್ಲಿಗೆ ಹೋದರು. ಕೈ ತೊಳೆಯುತ್ತ ಒಬ್ಬರು ಏನೋ ಗುನುಗಿದರು. ಬಂಡೆ ಅದನ್ನು ದೊಡ್ಡದು ಮಾಡಿ ಎಲ್ಲರ ಕಿವಿಗೂ ಹಂಚಿತು. ಅವತ್ತು ತಿಂದ ಮೊಸರನ್ನದ ರುಚಿ ಯಾರಿಗೂ ನೆನಪಿಲ್ಲ.

ಅವರೇ ಒಂದು ಸಂಗೀತ ಸಭೆ ಕಟ್ಟಿಕೊಂಡು, ಮರುವರ್ಷದಿಂದ ಅಲ್ಲಿ ಕಚೇರಿ ಶುರುಮಾಡಿದರು. ಸುಗ್ಗಿ ಮುಗಿದ ಮೇಲಿನ ಭಾನುವಾರಗಳು, ಬಿಸಿಲಿಳಿಯುವ ಹೊತ್ತು. ಮೈಕು ಬೇಡ, ಚಪ್ಪರ ಬೇಡ. ಪಟ್ಟಣದವರು ಜಮಖಾನ ಹಾಸಿ ಕೆಳಗೆ ಕೂರುತ್ತಿದ್ದರು, ಊರಿನವರು ಅಂಚಿನ ಮೇಲೆ ಕಾಲು ಇಳಿಬಿಟ್ಟು ಕೂರುತ್ತಿದ್ದರು.

ಆಮೇಲೆ ಜಯನಗರ ಬೆಳೆಯತೊಡಗಿತು. ಮನೆಗೆ ಪಾಯ, ಚರಂಡಿಗೆ ಚಪ್ಪಡಿ, ರಸ್ತೆಗೆ ಜಲ್ಲಿ, ಎಲ್ಲಕ್ಕೂ ಕಲ್ಲು ಬೇಕಾಯಿತು. ಒಬ್ಬ ಕಂಟ್ರಾಕ್ಟರು ಬಂಡೆಯ ಬೆನ್ನ ಕಡೆಯನ್ನು ಗುತ್ತಿಗೆಗೆ ಹಿಡಿದ. ಹಗಲೆಲ್ಲ ಕುಳಿ ಕೊರೆದು ಸಿಡಿಮದ್ದು ತುಂಬುವುದು, ಸಂಜೆ ಆಳುಗಳೆಲ್ಲ ದೂರದ ಮರೆಗೆ ಸರಿದ ಮೇಲೆ ಬತ್ತಿ ಹಚ್ಚುವುದು, ಹೀಗೆ ಅಲ್ಲಿಯ ಪದ್ಧತಿ. ಕಚೇರಿಯೂ ಅದೇ ಹೊತ್ತಿಗೆ. ಮದ್ದಿನ ಭಯಕ್ಕೆ ಊರಿನವರೂ ಅಂಚು ಬಿಟ್ಟು ಕೆಳಗೆ ಕೂರತೊಡಗಿದರು.

ಸಭೆಯ ಕಾರ್ಯದರ್ಶಿ ವೆಂಕಟಾಚಲನಿಗೆ ಅಂದಿನಿಂದ ನಿದ್ದೆ ಹೋಯಿತು. ಹಗಲು ಗುಮಾಸ್ತಗಿರಿ, ಸಂಜೆ ಕಾಲೇಜು. ಬೀಗ ಹಾಕಿದ ಬಾಗಿಲನ್ನು ಮತ್ತೆ ಬಂದು ಎಳೆದು ನೋಡುವ ಮನುಷ್ಯ. ಅಧ್ಯಕ್ಷ ರಾಮಪ್ರಸಾದರಂತೂ ಅವನನ್ನು ‘ನಮ್ಮ ಅನುಮಾನಾಚಾರ್ಯರು’ ಅಂತಲೇ ಕರೆಯುತ್ತಿದ್ದರು. ಅವನೇ ಹೋಗಿ ಕಲ್ಲುಗಣಿಯ ಮೇಸ್ತ್ರಿ ಚಿಕ್ಕಬೈರಪ್ಪನನ್ನು ಕಂಡ. ಮೇಸ್ತ್ರಿ ಸಾರಕ್ಕಿಯವನೇ, ಅದೇ ಬಂಡೆಯಲ್ಲಿ ಭಜನೆ ಕೇಳಿ ಬೆಳೆದವನು. ತನ್ನ ಕೈಕೆಳಗೆ ಒಬ್ಬ ಆಳಿನ ಬೆರಳೂ ಹೋಗಿಲ್ಲ ಎಂಬುದು ಅವನ ಹೆಮ್ಮೆ.

“ಕಚೇರಿ ದಿನ ಮಂಗಳ ಆಗೋವರೆಗೂ ಮದ್ದು ಹಚ್ಚಬೇಡಿ. ನಾವು ಒಬ್ಬರನ್ನ ಕಳಿಸಿ ಹೇಳ್ತೀವಿ,” ಎಂದ ವೆಂಕಟಾಚಲ.

“ಜನ ಯಾಕ್ ಸ್ವಾಮಿ? ಬಂಡೆನೇ ತಂದು ನಮ್ಮ ಕಿವೀಗ್ ಹಾಕ್ತದೆ. ಮಂಗಳ ಅಂದ್ರೆ ಯಾವ್ದು, ಅದ್ ಹೇಳಿ.”

“ಕೊನೇಲಿ ಹಾಡೋದು.”

“ಕೊನೆ ಅಂತ ನಮಗೆ ಹೆಂಗ್ ಗೊತ್ತಾಗ್ಬೇಕು? ಹೋದ್ಸಲ ಒಬ್ರು ‘ರೀ, ರೀ’ ಅಂತ ಹೆಂಡ್ತಿ ಗಂಡನ್ನ ಕರ್ದಂಗೆ ಕರೆದ್ರು ಕರೆದ್ರು, ಒಬ್ನೂ ಓಗೊಡ್ಲಿಲ್ಲ!”

ಆಳುಗಳೆಲ್ಲ ನಕ್ಕರು. ವೆಂಕಟಾಚಲ ಕೆಂಪಾಗಿ, ಅತ್ತಿತ್ತ ನೋಡಿ, ಸಣ್ಣ ದನಿಯಲ್ಲಿ ಮಂಗಳದ ಒಂದು ಸಾಲು ಹಾಡಿ ತೋರಿಸಿದ. ಶ್ರುತಿ ಸೇರಿತೋ ಇಲ್ಲವೋ ಎಂಬ ಭಯದಲ್ಲಿ ಬೇಗ ಮುಗಿಸಿದ.

“ಓ, ‘ಮಂಗಳಂ ಮಂಗಳಂ’ ಅಂತ ಬಂದ್ರೆ ಮುಗೀತು ಅಂತ. ಅಷ್ಟೇ ತಾನೆ?”

“ಹೌದು. ಅಷ್ಟೇ.”

ಆ ‘ಹೌದು’ ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಮಂಗಳ ಮುಗಿದೊಡನೆ ಹಿಂದಿನಿಂದ ‘ಮದ್ದೋ, ಮದ್ದು!’ ಎಂಬ ಎಚ್ಚರಿಕೆಯ ಕೂಗು, ಉದ್ದನೆಯ ಬತ್ತಿ ಉರಿಯುತ್ತ ಜನ ಹೊಲದ ಬದು ದಾಟಿದ ಮೇಲೆ ಢಂ ಎಂಬ ಸದ್ದು. ಕೆಲವರು ಅದನ್ನು ಮೃದಂಗದ ಕೊನೆಯ ತನಿ ಅಂತ ತಮಾಷೆ ಮಾಡುತ್ತಿದ್ದರು.

ಐವತ್ತೆಂಟರಲ್ಲಿ ವಿದುಷಿ ಮೀನಾಕ್ಷಮ್ಮನವರ ಕಚೇರಿ. ವಯಸ್ಸಾದವರು, ಅವರಿಗೆ ಸನ್ಮಾನವೂ ಇತ್ತು. ಶಾಲು ಹೊದಿಸಬೇಕಾದ ಅತಿಥಿಗಳಿಗೆ ಬೇಗ ಹೋಗಬೇಕಾಗಿ ಬಂದು, ಕಚೇರಿ ನಡುವೆಯೇ ಸನ್ಮಾನ ಎಂದರು ರಾಮಪ್ರಸಾದರು. ಅವರ ಮನೆಯವರಾದ ಸೀತಮ್ಮ ಇಬ್ಬರು ಹೆಂಗಸರೊಡನೆ ಆರತಿ ತಟ್ಟೆ ಹಿಡಿದು ಎದ್ದರು.

ವೆಂಕಟಾಚಲ ಆ ತಟ್ಟೆಯನ್ನೇ ನೋಡಿದ. ಆರತಿ ಅಂದರೆ ಆರತಿ ಹಾಡು. ಆರತಿ ಹಾಡಿನಲ್ಲಿ ‘ಮಂಗಳಂ’ ಇಲ್ಲದೆ ಇರುತ್ತದೆಯೆ?

ಬಗ್ಗಿ ಅಧ್ಯಕ್ಷರ ಕಿವಿಯಲ್ಲಿ ಹೇಳಿದ: “ಆರತಿ ಒಂದು ಕೊನೆಗಿಟ್ಟುಕೊಳ್ಳೋಣ ಸಾರ್.”

“ಯಾಕಯ್ಯಾ?”

“ಹಿಂದುಗಡೆಯವರು ಅದನ್ನೇ ಮಂಗಳ ಅಂದ್ಕೊಂಡರೆ...”

“ಮೇಸ್ತ್ರಿಗೆ ಸಂಗೀತ ಗೊತ್ತು ಅಂತ ನೀನೇ ಹೊಗಳ್ತಿದ್ದೆ. ಸುಮ್ನೆ ಕೂತ್ಕೊ ಅನುಮಾನಾಚಾರ್ಯ, ಎಲ್ಲರೂ ನೋಡ್ತಿದಾರೆ.”

ನಿಜ, ಎಲ್ಲರೂ ನೋಡುತ್ತಿದ್ದರು. ಇಷ್ಟು ಜನರ ಮಧ್ಯೆ ಎದ್ದು ಹೆಂಗಸರನ್ನು ತಡೆಯುವುದೆ? ತನ್ನ ಅನುಮಾನಗಳು ಇಲ್ಲಿಯವರೆಗೆ ಯಾವುದು ತಾನೆ ನಿಜವಾಗಿದೆ? ಅವನು ನಿಂತಲ್ಲೇ ನಿಂತ. ಸೀತಮ್ಮನದು ಒಳ್ಳೆಯ ಗಟ್ಟಿ ಕಂಠ. ‘ಜಯ ಮಂಗಳಂ, ಶುಭ ಮಂಗಳಂ’ ಎಂದು ಮೂವರೂ ಎತ್ತಿದರು. ಬಂಡೆ ಅದನ್ನು ಅಕ್ಕರೆಯಿಂದ ಎತ್ತಿಕೊಂಡು ಬೆನ್ನಾಚೆಗೆ ಸಾಗಿಸಿತು.

ಆಗ ವೆಂಕಟಾಚಲ ಓಡಿದ. ಜಮಖಾನ ತುಳಿದು, ಯಾರದೋ ಬೆಳ್ಳಿ ಲೋಟ ಒದ್ದು, ಪಕ್ಕದ ಇಳುಕಲು ಹಿಡಿದು ಮೇಲಕ್ಕೆ ಹತ್ತಿದ. ಹಿಂದೆ ಚಪ್ಪಾಳೆ. ಚಪ್ಪಾಳೆಯ ನಡುವೆಯೇ ‘ಮದ್ದೋ, ಮದ್ದು!’ ಎಂಬ ಕೂಗು ಬಂತು. ಅದು ಅವನೊಬ್ಬನಿಗೆ ಕೇಳಿಸಿತು. ಚಪ್ಪಾಳೆ ನಿಂತಿತು. ಪಿಟೀಲಿನವರು ಶ್ರುತಿ ನೋಡಿಕೊಂಡು ಕಮಾನು ಎಳೆದರು, ಮೀನಾಕ್ಷಮ್ಮ ಕಲ್ಯಾಣಿ ಶುರುಮಾಡಿದರು.

ಅವನು ಬಂಡೆಯ ಬೆನ್ನು ಮುಟ್ಟಿದಾಗ ಕಂಡದ್ದು ಇಷ್ಟು. ದೂರದ ಮರೆಯಲ್ಲಿ ಆಳುಗಳು ಮಂಡಿಗೆ ತಲೆ ಕೊಟ್ಟು ಕೂತಿದ್ದರು. ಅವರ ನಡುವಿನಿಂದ ಚಿಕ್ಕಬೈರಪ್ಪ ಎದ್ದು ಬಂಡೆಯ ಕಡೆಗೇ ಓಡಿ ಬರುತ್ತಿದ್ದ.

“ಇನ್ನೂ ಹಾಡ್ತಾವ್ರೆ ಕಣ್ರೋ! ಜನ ಇನ್ನೂ ಕೂತವ್ರೆ!”

ಬಗ್ಗಿ ಒಂದು ಬತ್ತಿ ಕಿತ್ತೆಸೆದ. ಇನ್ನೊಂದು ಕಿತ್ತ. ಅಂಗೈ ಸುಟ್ಟಿರಬೇಕು, ಕೈ ಒದರಿ ಮತ್ತೊಂದು ಕಿತ್ತ. ವೆಂಕಟಾಚಲ “ಬಿಟ್ಟು ಬನ್ನಿ! ಬನ್ನಿ!” ಎಂದು ಕೂಗುತ್ತಲೇ ಇದ್ದ. ಉಳಿದದ್ದು ಒಂದೇ ಒಂದು ಬತ್ತಿ, ಅಂಚಿಗೆ ತೀರ ಹತ್ತಿರದ್ದು. ಚಿಕ್ಕಬೈರಪ್ಪ ಅದಕ್ಕೂ ಕೈ ಹಾಕಿದ.

ಕೆಳಗೆ ಕೂತವರಲ್ಲಿ ಒಬ್ಬರಿಗೂ ಒಂದು ಚೂರು ಕಲ್ಲು ತಗಲಲಿಲ್ಲ. ಸದ್ದು ಮಾತ್ರ ತಗಲಿತು. ಹಾಡನ್ನು ಹಂಚುತ್ತಿದ್ದ ಹಾಗೆಯೇ ಬಂಡೆ ಅದನ್ನೂ ಎಲ್ಲರಿಗೂ ಸಮನಾಗಿ ಹಂಚಿತು. ತಂಬೂರಿಯ ಒಂದು ತಂತಿ ಹರಿಯಿತು. ಮೀನಾಕ್ಷಮ್ಮ ಶಾಲನ್ನು ಬಾಯಿಗೊತ್ತಿಕೊಂಡು ಎದ್ದರು. ಜನ ಚಪ್ಪಲಿ ಬಿಟ್ಟು ಓಡಿದರು.

ಮಾರನೆಯ ದಿನ ಬಂಡೆಯ ಹತ್ತಿರವೇ ಮೇಸ್ತ್ರಿಯ ಸಾವಿನ ಪಂಚನಾಮೆ. ಕಂಟ್ರಾಕ್ಟರ ಮಾತು ನೇರವಾಗಿತ್ತು: ಮಂಗಳ ಆಗುವ ಮುಂಚೆ ಹಚ್ಚಬೇಡ ಅಂತ ಕಟ್ಟಪ್ಪಣೆ ಇತ್ತು, ಮೇಸ್ತ್ರಿ ಅವಸರ ಮಾಡಿದ. ಅವಸರ ಎಂಬ ಮಾತು ಕೇಳಿ ಮೇಸ್ತ್ರಿಯ ತಮ್ಮ ಬೈರಣ್ಣ ಮುಂದೆ ಬಂದ.

“ನಮ್ಮಣ್ಣ ಅವಸರದೋನಲ್ಲ ಸಾರ್. ಮಂಗಳಂ ಅಂದ್ರು, ನಾನೂ ಕೇಳ್ದೆ. ಈ ಸ್ವಾಮೇರೇ ಹೇಳ್ಕೊಟ್ಟಿದ್ದು, ಕೇಳಿ ಬೇಕಾದ್ರೆ.”

ಪೊಲೀಸ್ ದಫೇದಾರರು ಪೆನ್ಸಿಲು ಎತ್ತಿ ವೆಂಕಟಾಚಲನನ್ನು ನೋಡಿದರು. “ಹೇಳಿ. ಮಂಗಳ ಆಗಿತ್ತೋ, ಇಲ್ವೋ?”

ವೆಂಕಟಾಚಲನಿಗೆ ಸುಳ್ಳು ಹೇಳುವ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ರಾತ್ರಿಯೆಲ್ಲ ಮಾತು ಜೋಡಿಸಿಕೊಂಡು ಬಂದಿದ್ದ. ಮೊದಲು ಸಂಗೀತದವರ ಅರ್ಥ, ಆಮೇಲೆ ಊರಿನವರ ಅರ್ಥ, ಕಡೆಗೆ ತನ್ನ ಆ ‘ಹೌದು’. ಒಂದೂ ಬಿಡದೆ ಹೇಳಬೇಕು.

“ಸಂಗೀತದ ಪದ್ಧತಿಯಲ್ಲಿ ನೋಡಿದರೆ, ಅದು ಮಂಗಳ ಅಲ್ಲ...” ಎಂದು ಶುರುಮಾಡಿ ಉಸಿರೆಳೆದುಕೊಂಡ.

“ಅಲ್ಲ,” ಎಂದು ದಫೇದಾರರು ಬರೆದುಕೊಂಡರು.

“ಇಲ್ಲ ಸಾರ್, ಪೂರ್ತಿ ಕೇಳಿ, ಅವರಿಗೆ ನಾನು...”

“ಕಾರ್ಯದರ್ಶಿಯೇ ಹೇಳಿದ ಮೇಲೆ ಇನ್ನೇನು,” ಎಂದರು ರಾಮಪ್ರಸಾದರು, ಅವನ ತೋಳು ಹಿಡಿದು ಮೆಲ್ಲಗೆ ಹಿಂದಕ್ಕೆಳೆಯುತ್ತ. ಬೈರಣ್ಣ ಉಗುಳಿದ. ಅವನ ಮೇಲಲ್ಲ, ನೆಲದ ಮೇಲೆ.

ಅವಸರಕ್ಕೆ ಸತ್ತವನು ಎಂಬ ಹೆಸರು ಹಾಗೆ ನಿಂತಿತು. ವೆಂಕಟಾಚಲ ಠಾಣೆಗೆ ಹೋದ, ಕಂಟ್ರಾಕ್ಟರ ಮನೆಗೆ ಹೋದ. ಎಲ್ಲ ಕಡೆಯೂ ಅವನ ಮಾತನ್ನೇ ಅವನಿಗೆ ತಿರುಗಿಸಿ ಹೇಳಿದರು.

ತಿಥಿ ಕಳೆದ ಮೇಲೆ ಸಾರಕ್ಕಿಗೆ ಹೋಗಿ ಮೇಸ್ತ್ರಿಯ ಮನೆ ಮುಂದೆ ನಿಂತ. ಹೆಂಡತಿ ಲಕ್ಷ್ಮಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದಳು. ನಿಲ್ಲಿಸಲಿಲ್ಲ.

“ಅವತ್ತು ಹಾಡಿದ್ದು ಮಂಗಳ ಅಲ್ಲ ಅಂದ್ರಂತೆ.”

“ಪೂರ್ತಿ ಹೇಳೋಕೆ ಬಿಡಲಿಲ್ಲಮ್ಮ...”

“ಹಂಗಾದ್ರೆ ನಿಮ್ ಮಂಗಳ ಹಾಡ್ಲೇ ಇಲ್ವಾ?”

“ಇಲ್ಲ. ಕಚೇರಿ ನಿಂತುಹೋಯ್ತು.”

ಲಕ್ಷ್ಮಮ್ಮ ಮೊರ ಕೆಳಗಿಟ್ಟಳು. “ಅದಾಗೋಗಂಟ ಅಲ್ಲಿಂದ ಏಳೋರಲ್ಲ ಸ್ವಾಮಿ ಅವ್ರು. ಭಾನುವಾರ ಊಟಕ್ಕೆ ಕರೆದ್ರೂ ಬರ್ತಿರ್ಲಿಲ್ಲ. ‘ಮಂಗಳ ಆಗ್ಲಿ ಇರು’ ಅನ್ನೋರು. ಹಾಡ್ಬಿಡಿ. ಅವ್ರಿಗೆ ಹೇಳ್ಕೊಟ್ಟೋರು ನೀವೇ ಅಲ್ವಾ, ನೀವೇ ಹಾಡಿ.”

ಅಣಕವೋ, ಬೇಡಿಕೆಯೋ, ಅವನಿಗೆ ತಿಳಿಯಲಿಲ್ಲ. ಬಾಯಿ ತೆರೆದ. ಅಷ್ಟರಲ್ಲಿ ಹೊಲದಾಚೆಯಿಂದ ಕೂಗು ಕೇಳಿಸಿತು, ಯಾರೋ ಹೊಸ ಮೇಸ್ತ್ರಿಯದು: ‘ಮದ್ದೋ, ಮದ್ದು!’

ಲಕ್ಷ್ಮಮ್ಮ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು. ಅವನು ತೆರೆದ ಬಾಯಲ್ಲಿ ಹಾಗೆಯೇ ನಿಂತಿದ್ದ.