ಮಿಕ್ಕ ಕಾಗದದ ಹೂವು

ಬೆರಳ ತುದಿಯ ಗೋಂದು ಒಣಗಿ ಇನ್ನೊಂದು ತೊಗಲಾಗಿದೆ, ಉಗುರಿನಿಂದ ಮೆಲ್ಲಗೆ ಎಬ್ಬಿಸಿದರೆ ಹಾವಿನ ಪೊರೆಯಂತೆ ಇಡಿಯಾಗಿ ಬರುತ್ತದೆ, ಬೆರಳಿನ ಗೆರೆಗಳ ಸಮೇತ — ಇರಲಿ, ಮೊದಲು ಈ ಹೂವು ಮುಗಿಯಲಿ, ಇನ್ನೇನು ಚೂಟಿ ಬಂದುಬಿಡುತ್ತಾಳೆ, ಬಂದವಳು ಚಪ್ಪಲಿ ಬಿಡುವ ಮೊದಲೇ ಮೇಜಿನ ಮೇಲೆ ಕಣ್ಣು ಹಾಕುತ್ತಾಳೆ. ಉದ್ದನೆಯ ಪಟ್ಟಿ, ಹಿಂದೆ ಮುಂದೆ, ಹಿಂದೆ ಮುಂದೆ, ನಿರಿಗೆ ಹಿಡಿಯುವುದೇ ತಾನೆ, ಇದಕ್ಕೇನು ಮಹಾ ವಿದ್ಯೆ ಬೇಕು, ಊರವರ ಲಂಗ ಹೊಲಿದು ಹೊಲಿದೇ ಬೆನ್ನು ಬಾಗಿದವಳು ಇವಳು, ಚೂಟಿಯ ಚಿಕ್ಕಮ್ಮ. ಆದರೂ ಬಟ್ಟೆಯಷ್ಟು ಸಾಧುವಲ್ಲ ಕಾಗದ, ಬಟ್ಟೆಯಾದರೆ ಹೊಲಿಗೆ ಬಿಚ್ಚಿ ಇಸ್ತ್ರಿ ಎಳೆದರಾಯಿತು, ಇದರಲ್ಲಿ ಒಂದು ಮಡಿಕೆ ತಪ್ಪಿದರೆ ತಪ್ಪಿದ್ದೇ. ಎರಡೂ ತುದಿ ಸೇರಿಸಿ ಬಳೆಯಂತೆ ಮಾಡಿ ಅಮುಕಿದರೆ ಚಕ್ರದ ಹೂವು, ಕೈ ಬಿಟ್ಟರೆ ಮತ್ತೆ ಪುಟಕ್ಕನೆ ಎದ್ದು ಕೂರುತ್ತದೆ, ಅದಕ್ಕೇ ನಡುವೆ ಒಂದು ಗುಂಡಿ ಇಟ್ಟು ಗೋಂದು ಹಿಡಿಯುವವರೆಗೂ ಹೆಬ್ಬೆರಳು ಒತ್ತಿ ಕೂರಬೇಕು, ಕೂತಾಗ ಬೇಡ ಬೇಡವೆಂದರೂ ಒಂದೊಂದೇ ನೆನಪಾಗುತ್ತದೆ.

ಕಾಗದ ಇವಳದಲ್ಲ. ಆಕೆಯದು. ಆಕೆ ಎಂದರೆ ಗಂಡನ ಮೊದಲ ಹೆಂಡತಿ, ಚೂಟಿಯ ಹೆತ್ತ ತಾಯಿ, ಮಗಳು ಹುಟ್ಟಿದಾಗ ಅಂಗಡಿಯಿಂದ ಚೆಂದ ಚೆಂದದ ಹಾಳೆ ತಂದು ಫೋಟೋಗಳಿಗೆ ಅಂಚು ಕಟ್ಟಿ ಆಲ್ಬಮ್ ಮಾಡಿದವಳು, ಅರ್ಧದ ಮೇಲೆ ಪುಟಗಳನ್ನು ಖಾಲಿ ಬಿಟ್ಟು ಮೂರೇ ದಿನದ ಜ್ವರದಲ್ಲಿ ಹೋದವಳು. ಚೂಟಿಗಾಗ ಐದು ವರ್ಷ, ಇವಳು ಈ ಮನೆಗೆ ಚಿಕ್ಕಮ್ಮನಾಗಿ ಬಂದಾಗ ಏಳು, ಹುಡುಗಿ ಬಾಗಿಲ ಸಂದಿಯಲ್ಲಿ ನಿಂತು ನೀವು ಇಲ್ಲೇ ಇರ್ತೀರಾ ಎಂದು ಕೇಳಿದ್ದಳು, ನೀವು, ಬನ್ನಿ, ಕೊಡಿ, ನೆಂಟರ ಹತ್ತಿರ ಮಾತಾಡಿದ ಹಾಗೆ, ಆಮೇಲೊಂದು ಬೆಳಿಗ್ಗೆ ತಲೆ ಬಾಚುವಾಗ ನೀನು ತುಂಬಾ ಎಳೀತೀಯ, ನೋಯತ್ತೆ — ಬಾಚಣಿಗೆ ಹಿಡಿದ ಕೈ ಅಲ್ಲೇ ನಿಂತಿತ್ತು, ಆ ನೀನು ಎಂಬ ಮಾತಿಗೆ, ಸಿಕ್ಕು ಬಿಡಿಸಲು ಎಂದೂ ಇಲ್ಲದಷ್ಟು ಹೊತ್ತು ಹಿಡಿದಿತ್ತು. ಅಷ್ಟಾದರೂ ಬೀರುವಿನ ಮೇಲೆ ಆಕೆ ಕಾಗದ ತುಂಬಿಟ್ಟ ಷರಟಿನ ಡಬ್ಬಿಯನ್ನು ಮಾತ್ರ ಇವಳು ಬಿಚ್ಚಲಿಲ್ಲ, ದೂಳು ಒರೆಸುವುದು, ಇದ್ದಲ್ಲೇ ಇಡುವುದು, ಪಕ್ಕದ ಮನೆ ಟೀಚರಮ್ಮ ಮೊದಲ ದಿನವೇ ಹೇಳಿದ್ದರಲ್ಲ, ಆಕೆ ಕೈಗುಣ ಯಾರಿಗೂ ಬರಲ್ಲ ಬಿಡಿ, ಎಂದು, ಹೇಳಿ ತಿಂಡಿಯನ್ನೂ ತಿಂದು ಹೋಗಿದ್ದರು. ಹೀಗಾಗಿ ಚೂಟಿಯ ಸ್ಕೂಲಿನ ಫೋಟೋ, ಹಲ್ಲು ಬಿದ್ದ ಫೋಟೋ, ಸೈಕಲ್ಲಿನಿಂದ ಬಿದ್ದು ಕೈಗೆ ಪಟ್ಟಿ ಹಾಕಿಸಿಕೊಂಡ ಫೋಟೋ, ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಗೇ ಉಳಿದವು, ಆಲ್ಬಮಿನಲ್ಲಿ ಖಾಲಿ ಪುಟ ಇತ್ತು, ಅಂಟಿಸಬಹುದಿತ್ತು, ಆದರೆ ಇನ್ನೊಬ್ಬರ ಮನೆಗೆ ಬಾಗಿಲು ತಟ್ಟದೆ ನುಗ್ಗಿದಂತೆ ಅನ್ನಿಸುತ್ತಿತ್ತು.

ಬಿಚ್ಚಿದವಳು ಚೂಟಿಯೇ, ಹೋದ ವಾರ, ಆರು ತಿಂಗಳ ಹೊಟ್ಟೆ ಹೊತ್ತುಕೊಂಡು ಸ್ಟೂಲು ಹತ್ತಿದ್ದಳು, ಇಳಿಯೇ ಮಾರಾಯಿತಿ ಎಂದು ಇವಳು ಬೈಯುವಷ್ಟರಲ್ಲಿ ಡಬ್ಬಿ ಕೆಳಗೆ ಬಂದಾಗಿತ್ತು. ಇಷ್ಟೊಂದು ಕಾಗದ ಮಿಕ್ಕಿದೆಯಲ್ಲ ಚಿಕ್ಕಮ್ಮ, ನನ್ ಮಗೂ ಆಲ್ಬಮ್ಮಿಗೆ ಹೂವು ಗೀವು ಮಾಡ್ಕೊಡು, ನಿನ್ ಕೈಲಿ ಚೆನ್ನಾಗ್ ಬರತ್ತೆ. ಅಷ್ಟು ಹೇಳಿ ಹೊರಟೇಹೋದಳು, ಅವಳಿಗೇನು, ಒಂದು ಮಾತು. ಮೊದಲ ಹಾಳೆಗೆ ಕತ್ತರಿ ಇಡಲು ಇವಳಿಗೆ ಎರಡು ದಿನ ಬೇಕಾಯಿತು. ಇಟ್ಟ ಮೇಲೆ ಸಲೀಸಾಯಿತು, ಕೆಂಪು ಪಟ್ಟೆಯದು ಚಕ್ರದ ಹೂವಾಯಿತು, ಎಲೆ ಎಲೆ ಚಿತ್ತಾರದ್ದನ್ನು ಚಕ್ಕುಲಿಯಂತೆ ಸುತ್ತು ಸುತ್ತಾಗಿ ಕತ್ತರಿಸಿ ಹೊರತುದಿಯಿಂದ ಸುರುಳಿ ಸುತ್ತಿದರೆ ಗುಲಾಬಿ, ಉಳಿದ ಚೂರುಗಳು ಮೀನು, ಚಿಟ್ಟೆ, ಹೆಸರು ಬರೆಯುವ ಚೀಟಿ, ಕಸಕ್ಕೆ ಹೋಗಿದ್ದು ಒಂದು ಹಿಡಿಯೂ ಇಲ್ಲ — ಆಮೇಲೆ ಡಬ್ಬಿಯ ತಳದಲ್ಲಿ ಈ ಹಳದಿ ಹಾಳೆ ಸಿಕ್ಕಿತು. ಬಿಳಿ ಚುಕ್ಕೆ, ಪೆನ್ಸಿಲಿನಲ್ಲಿ ಬರೆದ ಒಂದು ದೊಡ್ಡ ವೃತ್ತ, ಅಂಚಿನಿಂದ ಒಳಬಂದ ಕತ್ತರಿಯ ಸೀಳು ಗೆರೆಯ ಮೇಲೆ ಅರ್ಧ ದೂರ ನಡೆದು ನಿಂತಿದೆ. ನಿಂತಿದೆ ಅಷ್ಟೇ. ಆಕೆಗೆ ಜ್ವರ ಬಂದ ದಿನವೇ ಇರಬೇಕು, ಮೈ ಬಿಸಿಯಾಯಿತೇನೋ, ಕತ್ತರಿ ಕೆಳಗಿಟ್ಟು ಸ್ವಲ್ಪ ಮಲಗಿ ಏಳುತ್ತೇನೆ ಅಂದುಕೊಂಡಳೇನೋ, ಏಳಲಿಲ್ಲ. ಅದನ್ನು ನೋಡಿದಾಗಿನಿಂದ ಇವಳಿಗೆ ಊಟ ರುಚಿಸಿಲ್ಲ, ಹಾಳೆಯನ್ನು ಪತ್ರಿಕೆಯೊಂದರ ಅಡಿಗೆ ಸರಿಸಿಟ್ಟಿದ್ದಾಳೆ, ಇದನ್ನೊಂದು ಮುಟ್ಟುವುದು ಬೇಡ.

ಬಂದಳು. ಮೆಟ್ಟಿಲ ಮೇಲೆ ಉಸಿರು ಬಿಡುವುದು ಕೇಳಿತು, ಒಳಗೆ ಬಂದವಳು ಕೆಂಪು ಹೂವನ್ನೆತ್ತಿ ಹೊಟ್ಟೆಯ ಮೇಲಿಟ್ಟುಕೊಂಡು ನೋಡು ಚಿಕ್ಕಮ್ಮ, ಹುಟ್ಟೋಕ್ ಮುಂಚೆನೇ ಪದಕ, ಎಂದು ನಕ್ಕಳು, ಕುರ್ಚಿ ಎಳೆದು ಕೂತು ಒಂದೊಂದನ್ನೇ ಮುಟ್ಟಿದಳು, ಮುಟ್ಟುತ್ತ ಮುಟ್ಟುತ್ತ ಪತ್ರಿಕೆಯನ್ನೂ ಎತ್ತಿದಳು. ಇದನ್ಯಾಕೆ ಬಿಟ್ಟೆ. ನಿಮ್ಮಮ್ಮನ ಕೈ ಅಲ್ಲಿಗೇ ನಿಂತಿತು ಪುಟ್ಟಾ, ಅಂದಳು ಇವಳು. ಆ ಹೊತ್ತಿಗೇ ಗಂಡ ಜಗಲಿಯಿಂದ ಬಂದರು, ಯಾರದೋ ಅಂಗಡಿಯ ಬೋರ್ಡು ಬರೆಯುತ್ತಿದ್ದವರು, ಮುಂಗೈತನಕ ನೀಲಿ ಬಣ್ಣ, ಹಾಳೆಯನ್ನು ದೂರದಿಂದಲೇ ನೋಡಿ ಓ ಇದಾ, ಎಂದರು. ಅವಳಿಗೆ ಬೇಜಾರಾಗಿ ಬಿಟ್ಟಿದ್ದು ಅದು, ಗುಂಡಗೆ ಬರೆಯೋಕೆ ಇಟ್ಟ ಡಬ್ಬಿ ಮುಚ್ಚಳ ಜಾರಿ ಗೆರೆ ಸೊಟ್ಟ ಹೋಯ್ತು ಅಂತ ಸಿಟ್ಟು ಮಾಡ್ಕೊಂಡು ಎಲ್ಲಾ ತುಂಬಿ ಮೇಲಿಟ್ಟಳು, ಮತ್ತೆ ತೆಗೀಲೇ ಇಲ್ಲ. ಹೆಣೆಯೋಕೆ ಹಿಡಿದ ಸ್ವೆಟರೂ ಅಷ್ಟೇ, ಒಂದೇ ತೋಳಿಗೆ ನಿಂತ್ಹೋಯ್ತು. ಅವಳ ಆರಂಭ ಶೂರತ್ವ ಊರಿಗೇ ಗೊತ್ತಿತ್ತು. ಯಾವಾಗ ಇದು, ಎಂದು ಇವಳು ಕೇಳಿದ್ದು ತನಗೇ ಕೇಳಿಸಲಿಲ್ಲ. ಚೂಟಿ ಸ್ಕೂಲಿಗೂ ಸೇರಿರಲಿಲ್ಲ ಆಗ, ಎಂದು ಹೇಳಿ ಅವರು ಕೈ ತೊಳೆಯಲು ಹೋದರು, ನಲ್ಲಿಯ ಸದ್ದು.

ಆಲ್ಬಮಿನ ಕೊನೆಯ ಫೋಟೋದಲ್ಲಿ ಮಗುವಿಗೆ ಮೂರು ವರ್ಷವಿದ್ದೀತು, ಎಷ್ಟು ಸಲ ನೋಡಿದ್ದಾಳೆ, ಮೂರು ಕಳೆದು ಐದಾಗುವವರೆಗೆ ಆ ಪುಟಗಳು ಯಾಕೆ ಖಾಲಿ ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲವಲ್ಲ, ಇಷ್ಟು ವರ್ಷ ಆ ಖಾಲಿ ಪುಟಕ್ಕೆ ಕೈಮುಗಿದಂತೆ ಬದುಕಿದ್ದು ಒಂದು ಬೇಜಾರಿಗೆ, ಜಾರಿದ ಒಂದು ಮುಚ್ಚಳಕ್ಕೆ. ನಗು ಬಂತು, ಅದರ ಹಿಂದೆಯೇ ಎಂದೂ ಕಾಣದ ಆ ಹೆಂಗಸಿನ ಮೇಲೆ ಒಂದು ತರಹದ ಸಲಿಗೆ, ಅಕ್ಕ ಎಂದು ಕರೆದು ಜಗಳವಾಡಬಹುದಾದಷ್ಟು, ಒಂದೇ ತೋಳಿನ ಆ ಸ್ವೆಟರ್ ಯಾರಿಗೆ ಹಾಕುವುದಕ್ಕಿತ್ತು ಮಾರಾಯಿತಿ. ಚೂಟಿ ಆಲ್ಬಮಿನ ಖಾಲಿ ಪುಟ ತೆರೆದಿಟ್ಟು, ಆ ಚೀಲ ತಾ ಚಿಕ್ಕಮ್ಮ, ನನ್ ಹಲ್ಲು ಬಿದ್ದಿದ್ ಫೋಟೋ ಮೊದ್ಲು ಇಲ್ಲಿ ಅಂಟ್ಸು, ಮಗೂದು ಆಮೇಲೆ, ಎಂದಳು, ಅದರ ಹಿಂದಕ್ಕೆ ಈ ಹಳದಿ ಸರಿಹೋಗತ್ತೆ, ಕತ್ತರ್ಸು.

ಕತ್ತರಿಯ ಬಾಯಿ ಸೀಳಿನೊಳಗೆ ಹೋಯಿತು, ಆಕೆ ನಿಂತ ಜಾಗದವರೆಗೆ ಏನನ್ನೂ ಕತ್ತರಿಸದೆ, ಅಲ್ಲಿಂದ ಕಾಗದ ಕಚ್ಚಿತು, ಸ್ವಲ್ಪ ದೂರ ಸರಿಯಾಗಿಯೇ ಇತ್ತು ಗೆರೆ, ಆಮೇಲೆ ಬಂತು ಮುಚ್ಚಳ ಜಾರಿದ ಉಬ್ಬು, ಹೊರಗೆ ಹೋಗಿ ಮತ್ತೆ ಒಳಗೆ — ದರ್ಜಿಯ ಕೈ, ಸೊಟ್ಟ ಕಂಡರೆ ತಾನಾಗಿ ನೇರಕ್ಕೆ ತಿರುಗುವ ಕೈ, ತಿರುಗಲಿಲ್ಲ, ಉಬ್ಬಿನ ಮೇಲೇ ಹೋಯಿತು, ಹೊರಗೆ, ಮತ್ತೆ ಒಳಗೆ. ವೃತ್ತ ಕಳಚಿ ಮೇಜಿನ ಮೇಲೆ ಬಿತ್ತು. ಹಳದಿ, ಬಿಳಿ ಚುಕ್ಕೆ, ಒಂದು ಕಡೆ ಉಬ್ಬು.