ಇಳಿಯದ ಜೋಳ

ತೆರ್ಕಾ ಅಜ್ಜಿ ಬೆಳಗಿನಿಂದ ಗೂಡಿಗೂ ಅಡುಗೆಮನೆಗೂ ಎಡತಾಕುತ್ತಿದ್ದಳು. ಒಲೆಯ ಮೇಲೆ ಸಾರು ಉಕ್ಕಿ ಚೆಲ್ಲಿದರೂ ಅವಳಿಗೆ ಪರಿವೆಯಿರಲಿಲ್ಲ. ಗೂಡಿನ ಹಲಗೆ ಸರಿಸುವುದು, ಒಂದೊಂದೇ ಹೆಬ್ಬಾತಿನ ಕತ್ತನ್ನು ಬೆರಳಿನಿಂದ ಸವರಿ ನೋಡುವುದು, ಗೊಣಗುತ್ತ ಒಳಗೆ ಬರುವುದು, ಕೂರಲಾಗದೆ ಮತ್ತೆ ಹೊರಡುವುದು.

ಹೆಬ್ಬಾತಿಗೆ ಕೋಳಿಯ ಹಾಗೆ ಎದ್ದು ಕಾಣುವ ಮೇವಿನ ಚೀಲವಿಲ್ಲ. ಗಂಟಲ ಬುಡವೇ ಹಿಗ್ಗಿ ಕಾಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲಿಂದ ಕಾಳು ಕೆಳಗಿಳಿದು, ಹೊಟ್ಟೆಯ ರಸದಲ್ಲಿ ನೆನೆದು, ಕಾಳು ಅರೆಯುವ ಗಟ್ಟಿ ಚೀಲವಾದ ಕಂದನಕಾಯಿಯಲ್ಲಿ ನುರಿಯಬೇಕು. ಮಾರ್ಟಿನ್ ಸಂತನ ಹಬ್ಬ ಹತ್ತಿರವಾಯಿತೆಂದರೆ ತಿಸಾ ನದಿಯ ದಂಡೆಯ ಈ ಊರಿನ ಹೆಂಗಸರು ಹಬ್ಬದೂಟಕ್ಕೆ ಕೊಬ್ಬಿಸಲೆಂದು ಹೆಬ್ಬಾತನ್ನು ಮಂಡಿಗಳ ನಡುವೆ ಅವುಚಿಕೊಂಡು, ನೆನೆದ ಮುಸುಕಿನ ಜೋಳವನ್ನು ಅದರ ಗಂಟಲಿಗೆ ತುರುಕಿ, ಕತ್ತು ನೀವಿ ಇಳಿಸುತ್ತಾರೆ. ಹಿಂದಿನದು ಇಳಿಯುವ ಮೊದಲೇ ಮತ್ತೆ ತುರುಕಿದರೆ ಹಕ್ಕಿ ಉಸಿರುಗಟ್ಟಿ ಸಾಯುತ್ತದೆ. ಇಳಿದಿದೆಯೋ ಇಲ್ಲವೋ ಎಂದು ಹೇಳುವುದು ಬೆರಳು.

ತೆರ್ಕಾಳ ಕಣ್ಣು ಮಂಜಾದ ಮೇಲೆ ಸೂಜಿ ಕೆಲಸ ಬಿಟ್ಟುಹೋಯಿತು, ತೋಟದ ಕಳೆ ಕೀಳುವುದೂ ನಿಂತಿತು. ಅವಳಿಗೆ ಉಳಿದದ್ದು ಇದೊಂದೇ ಕೆಲಸ. ಈಗ ನೋಡಿದರೆ ನಿನ್ನೆ ತುರುಕಿದ ಜೋಳ ಎಲ್ಲ ಕತ್ತುಗಳಲ್ಲೂ ಹಾಗೆಯೇ ಗಟ್ಟಿಯಾಗಿ ನಿಂತಿತ್ತು.

"ಜಾಸ್ತಿ ತುರುಕಿಬಿಟ್ಟಿದ್ದೀರ ಅತ್ತೆ, ಅಷ್ಟೇ," ಎಂದಳು ಸೊಸೆ ಎತೆಲ್ಕಾ. "ಬೆರಳಿಗೂ ವಯಸ್ಸಾಗುತ್ತೆ. ನಾಳೆಯಿಂದ ತುರುಕೋಕೆ ನಾನೇ ಕೂತ್ಕೋತೀನಿ ಬಿಡಿ."

"ನೀನಾ? ಸಾಸೇಜ್ ತುಂಬೋವಾಗ್ಲೇ ಅರ್ಧ ನೆಲಕ್ಕೆ ಚೆಲ್ಲೋಳು!"

"ಸಾಸೇಜ್ ಸಾಯಲ್ಲ ಅತ್ತೆ. ಇವು ಸಾಯ್ತವೆ."

ಮಗ ಬೆರ್ತಲಾನ್ ಬೂಟಿನ ಮಣ್ಣು ಕೆರೆಯುತ್ತ ಬಾಗಿಲಲ್ಲಿ ನಿಂತ. "ಅವಳು ಹೇಳೋದು ಸರಿ ಅಮ್ಮ. ನೀನು ಒಲೆ ಪಕ್ಕ ಬೆಚ್ಚಗೆ ಕೂತು ಬೀನ್ಸ್ ಬಿಡಿಸು."

ತೆರ್ಕಾ ಮತ್ತೆ ಗೂಡಿಗೆ ಹೋದಳು. ಒಂದು ಹೆಬ್ಬಾತು ರೆಕ್ಕೆ ಜೋತುಬಿಟ್ಟು ತೂಕಡಿಸುತ್ತಿತ್ತು. ಅದರ ಕತ್ತನ್ನು ಎಷ್ಟು ನೀವಿದರೂ ಕಾಳು ಕದಲಲಿಲ್ಲ.

"ಬೆರ್ತಿ, ಚಾಕು ತಾ. ಇದು ಹೇಗೂ ಉಳಿಯಲ್ಲ. ಒಳಗೇನಾಗಿದೆ ನೋಡೋಣ."

ಮಗ ಕೊಯ್ದು ಕೊಟ್ಟ. ತೆರ್ಕಾ ಮುಷ್ಟಿಗಾತ್ರದ ಕಂದನಕಾಯಿಯನ್ನು ತಟ್ಟೆಯ ಮೇಲೆ ಸೀಳಿದಳು. ಪ್ರತಿ ವರ್ಷ ಹೀಗೆ ಸೀಳುವಾಗ ಒಳಗಿನ ಹರಳುಗಳು ಚಟಪಟನೆ ತಟ್ಟೆಗೆ ಉದುರುತ್ತಿದ್ದವು. ಈ ಸಲ ಸದ್ದೇ ಇಲ್ಲ. ಒಳಗಿನ ಹಳದಿ ಪೊರೆಯನ್ನು ಅವಳು ಬೆರಳಿನಿಂದ ಮೂಲೆಮೂಲೆ ತಡಕಿದಳು. ಒಡೆಯದ ಜೋಳ, ಜೊತೆಗೆ ಸವೆದು ಬೇಳೆಯಷ್ಟಾದ ಒಂದೇ ಒಂದು ಹರಳು.

"ಕಲ್ಲೆಲ್ಲೋ? ಹಲ್ಲಿಲ್ಲದ ಜೀವ ಏನಿಟ್ಟುಕೊಂಡು ಅರೆಯುತ್ತೆ?"

ಬೆರ್ತಲಾನ್ ಅಂಗಳದತ್ತ ನೋಡಿದ. ಬೇಸಿಗೆಯಲ್ಲಿ ಅವನು ಪೇಟೆಯ ಯಾವುದೋ ಕೆಡವಿದ ಮನೆಯಿಂದ ಬಿಳಿ ಸ್ನಾನದ ತೊಟ್ಟಿಯೊಂದನ್ನು ತಂದು, ಸುತ್ತ ಕೆಸರಾಗದಂತೆ ಸಿಮೆಂಟು ಹಾಕಿ, ಹೆಬ್ಬಾತುಗಳಿಗೆಂದು ನಲ್ಲಿ ನೀರು ಬಿಟ್ಟಿದ್ದ. ಊರಿನವರನ್ನೆಲ್ಲ ಕರೆದು ತೋರಿಸಿದ್ದ. ಅಂದಿನಿಂದ ಹೆಬ್ಬಾತುಗಳನ್ನು ನದಿಗೆ ಅಟ್ಟುವುದೂ ನಿಂತಿತ್ತು.

"ನದಿ ನೀರು ಕೊಳಕು ಅಂತ..." ಎಂದ.

"ಆ ಕೊಳಕಿನ ಹರಳು, ಮರಳೇ ನುಂಗೋಕೆ ಬೇಕಿತ್ತು ಕಣೋ ಇವಕ್ಕೆ!"

ಎತೆಲ್ಕಾಳಿಗೆ ನಗು ತಡೆಯಲಾಗಲಿಲ್ಲ. "ಹೋಗಿ, ನಿಮ್ಮ ಅರಮನೆ ತೊಟ್ಟಿಗೆ ಒಂದಿಷ್ಟು ಮರಳು ಹೊತ್ತು ತನ್ನಿ."

ಅವನು ಸೈಕಲ್ಲಿಗೆ ಬಕೆಟ್ಟು ತೂಗುಹಾಕಿಕೊಂಡು ನದಿಗೆ ಹೋಗಿ ದಪ್ಪ ಮರಳು ತಂದು ಸುರಿದ. ಹೆಬ್ಬಾತುಗಳು ತೊಟ್ಟಿಯೊಳಗೆ ಕತ್ತು ಇಳಿಬಿಟ್ಟು ತಳವನ್ನು ಕೊಕ್ಕಿನಿಂದ ಜಾಲಾಡಿದವು. ಆ ದಿನ ಯಾವುದಕ್ಕೂ ತುರುಕಲಿಲ್ಲ. ತೆರ್ಕಾ ಮಾತ್ರ ಕತ್ತಲಾಗುವವರೆಗೂ ಸುಮ್ಮನೆ ಕೂರಲಿಲ್ಲ. ಬೆಚ್ಚಗಿನ ನೀರು ಕುಡಿಸುತ್ತ, ಕತ್ತು ನೀವುತ್ತ, ಓಡಾಡುತ್ತಲೇ ಇದ್ದಳು. ಕಲ್ಲಿಲ್ಲದ್ದು ನಿಜ. ಆದರೆ ನಿಂತ ಕಾಳಿನ ಮೇಲೆ ನಿನ್ನೆ ಮತ್ತೆ ತುರುಕಿದ್ದು ತನ್ನ ಕೈಯೇ ಅಲ್ಲವೇ?

ಮರುದಿನ ಎತೆಲ್ಕಾ ಅವಳಿಗಿಂತ ಮೊದಲೇ ಗೂಡಿಗೆ ಬಂದು ಒಂದು ಹೆಬ್ಬಾತಿನ ಕತ್ತು ಸವರುತ್ತಿದ್ದಳು. "ಇಳಿದಿದೆ ಅತ್ತೆ! ಪೂರ್ತಿ ಖಾಲಿ. ಜೋಳ ತರಲಾ?"

ತೆರ್ಕಾ ಬಗ್ಗಿ ಅದೇ ಹೆಬ್ಬಾತಿನ ಕತ್ತನ್ನು ಮೇಲಿನಿಂದ ಕೆಳಗೆ ಸವರಿದಳು. ಎದೆಮೂಳೆಯ ಹತ್ತಿರ ಬೆರಳು ನಿಂತಿತು.

"ಖಾಲಿಯಾಗಿಲ್ಲ. ಇನ್ನೂ ಒಂದೆರಡು ಕಾಳಿದೆ. ಒತ್ತಬೇಡ, ಸುಮ್ಮನೆ ಇಡು ಬೆರಳು. ಇಲ್ಲಿ."

ಎತೆಲ್ಕಾ ಬೆರಳಿಟ್ಟಳು. ಏನೂ ತಿಳಿಯಲಿಲ್ಲ. ಇನ್ನೊಂದಿಷ್ಟು ಹೊತ್ತು ಇಟ್ಟಳು. ಹಕ್ಕಿ ಉಸಿರೆಳೆದಾಗ ಚರ್ಮದಡಿ ಎರಡು ಕಾಳು ಒಂದಕ್ಕೊಂದು ತಾಗಿ ಸರಿದವು.

"ಅಮ್ಮ, ಬೀನ್ಸ್ ಇಲ್ಲೇ ಇಟ್ಟಿದ್ದೀನಿ!" ಒಳಗಿನಿಂದ ಬೆರ್ತಲಾನ್ ಕೂಗಿದ.

"ನೀವೇ ಬಿಡಿಸಿ," ಎಂದು ಎತೆಲ್ಕಾ ಗಂಡನಿಗೆ ಕೂಗಿ ಹೇಳಿದಳು. ಗಿಡ್ಡ ಮಣೆಯನ್ನು ಅತ್ತೆಯ ಕಡೆಗೆ ತಳ್ಳಿದಳು. ತೆರ್ಕಾ ಕೂತು, ನೆನೆದ ಜೋಳದ ಬೋಗುಣಿಯನ್ನು ಪಕ್ಕಕ್ಕೆ ಸರಿಸಿ, ಕತ್ತಿನ ಮೇಲೆ ಬೆರಳಿಟ್ಟುಕೊಂಡು ಕಾಯತೊಡಗಿದಳು.