ದುಃಖತಪ್ತರ ಪುಟ

ಮುಂಬಯಿ ಬಳಿಯ ಕಳವಾ ಊರಿನ ದಮಯಂತಿಯ ಮನೆಯಲ್ಲಿ ಅಂದು ಶನಿವಾರದ ಭಜನೆ. ಕಾಲು ತೊಳೆದುಕೊಂಡು ದೇವರ ಮುಂದೆ ಕೂರೋಣವೆಂದು ಉಮಾವತಿ ಬಚ್ಚಲಿಗೆ ಹೋದರು. ಹೋದವರು ಅಲ್ಲಿಯೇ ನಿಂತುಬಿಟ್ಟರು.

ಒಬ್ಬರು ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಷ್ಟು ಸಣ್ಣ ಬಚ್ಚಲು. ಒಂದು ಗೋಡೆಯ ಮೇಲೆ ಗ್ಯಾಸ್ ಗೀಸರ್. ಎದುರು ಗೋಡೆಯಲ್ಲಿ ಗಾಜಿನ ಪಟ್ಟಿಗಳ ಕಿಟಕಿ. ಆ ಕಿಟಕಿಗೆ ನೀಲಿ ಪ್ಲಾಸ್ಟಿಕ್ ಹಾಳೆ ಹೊದಿಸಿ ಸುತ್ತಲೂ ಅಂಟುಪಟ್ಟಿ ಬಿಗಿದಿದ್ದರು.

“ದಮಯಂತೀ, ಇದನ್ನು ಮುಚ್ಚಿದ್ದು ಯಾರು?”

“ನಮ್ಮವರೇ ಅಕ್ಕ. ಸ್ನಾನ ಆದ ಮೇಲೆ ನನಗೆ ತಲೆ ಭಾರ ಆಗ್ತದೆ, ಕಣ್ಣು ಕತ್ತಲೆ ಬರ್ತದೆ. ಗಾಳಿ ತಾಗಿ ಹಾಗಾಗುವುದು ಅಂತ ನಮ್ಮ ಪತ್ರಿಕೆಯಲ್ಲಿ ಬಂದಿತ್ತಲ್ಲ? ರಾಯರೇ ಬರೆದದ್ದು.”

ಉಮಾವತಿ ಬಕೆಟ್ಟನ್ನು ಕಾಲಿನಿಂದ ಸರಿಸಿ, ಹಾಳೆಯ ಮೂಲೆ ಹಿಡಿದು ಎಳೆದರು. ಗೋಡೆಯ ಬಣ್ಣದ ಚಕ್ಕೆಗಳ ಸಮೇತ ಅದು ಕಿತ್ತು ಬಂತು.

“ಅಯ್ಯೋ ಅಕ್ಕ, ಎಂತ ಮಾಡ್ತೀರಿ! ಮೊನ್ನೆ ದೀಪಾವಳಿಗೆ ಬಣ್ಣ ಹೊಡೆಸಿದ್ದು!”

“ಬಣ್ಣ ಇನ್ನೊಮ್ಮೆ ಹೊಡೆಸು. ನನ್ನ ಶರ್ಮಿಳಾ ಸತ್ತದ್ದು ಇದೇ ಮಾತು ನಂಬಿ.”

ದಮಯಂತಿಯ ಬಾಯಿ ತೆರೆದೇ ಉಳಿಯಿತು. “ಅವಳಿಗೆ ಹಾರ್ಟ್ ಅಟ್ಯಾಕ್ ಅಂತ ಹೇಳಿದ್ರಲ್ಲ ಅಕ್ಕ?”

“ಯಾರು ಹೇಳಿದ್ದು?”

“ಎಲ್ಲರೂ.”

ಒಳಗೆ ತಾಳ ಕುಟ್ಟುವುದು ಶುರುವಾಗಿತ್ತು. ಉಮಾವತಿ ಆ ದಿನ ಭಜನೆಗೆ ಕೂರಲಿಲ್ಲ. ಹರಿದ ಹಾಳೆಯನ್ನು ಮುದ್ದೆ ಮಾಡಿ ಕೈಚೀಲಕ್ಕೆ ತುರುಕಿಕೊಂಡು ಮೆಟ್ಟಿಲಿಳಿದರು.

ಶರ್ಮಿಳಾ ಅವರ ಸೊಸೆ. ಒಬ್ಬನೇ ಮಗ ಸೂರಜನ ಹೆಂಡತಿ. ಡೊಂಬಿವಲಿಯ ಎರಡು ಕೋಣೆಯ ಮನೆಗೆ ಬಂದ ನಾಲ್ಕು ವರ್ಷಗಳಲ್ಲಿ ಅವಳು ಅತ್ತೆಗೆ ಎದುರು ಮಾತಾಡಿದ್ದೂ ಉಂಟು, ಅತ್ತೆಯ ತಲೆಗೆ ಎಣ್ಣೆ ಹಚ್ಚಿದ್ದೂ ಉಂಟು. ಉಡುಪಿ ಕಡೆಯ ಹುಡುಗಿ. ತುಳುವಿನಲ್ಲಿ ಜಗಳ ಮಾಡಿ, ತುಳುವಿನಲ್ಲಿಯೇ ನಗುತ್ತಿದ್ದಳು. ಮಳೆಗಾಲ ಹಿಡಿದ ಮೇಲೆ ಸ್ನಾನ ಮುಗಿಸಿ ಬರುವಾಗೆಲ್ಲ ಗೋಡೆ ಹಿಡಿದುಕೊಂಡು ಬರತೊಡಗಿದಳು. “ಅತ್ತೆ, ತಲೆ ತಿರುಗ್ತದೆ” ಎನ್ನುತ್ತಿದ್ದಳು. ವಿಶೇಷ ಏನಾದರೂ ಇರಬಹುದೆಂದು ಉಮಾವತಿ ಒಳಗೊಳಗೇ ಹಿಗ್ಗಿ ಡಾಕ್ಟರಲ್ಲಿಗೆ ಕರೆದೊಯ್ದರು. ಅಂಥದ್ದೇನೂ ಇರಲಿಲ್ಲ. “ಹಾಗಾದರೆ ಪತ್ರಿಕೆಗೆ ಬರೆದು ಕೇಳು” ಎಂದರು.

ಪತ್ರಿಕೆ ಎಂದರೆ ಕರಾವಳಿಯವರ ಸ್ನೇಹಕೂಟದ ಮಾಸಪತ್ರಿಕೆ. ಠಾಣೆಯಿಂದ ಬದಲಾಪುರದವರೆಗೆ, ಆಚೆ ನವಿಮುಂಬಯಿಯವರೆಗೆ, ಊರಿನವರಿದ್ದ ಮನೆಗಳಿಗೆಲ್ಲ ಅಂಚೆಯಲ್ಲಿ ಬರುತ್ತಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಉಮಾವತಿ ಮೊದಲು ತೆರೆಯುತ್ತಿದ್ದದ್ದು ‘ಕೇಳಿರಿ, ಹೇಳುವೆವು’ ಎಂಬ ಪುಟವನ್ನು. ಬರೆಯುತ್ತಿದ್ದವರು ಪುಂಡರೀಕಾಕ್ಷ ರಾಯರು. ಬ್ಯಾಂಕಿನ ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ಆಕಾಶ ಏಕೆ ನೀಲಿ, ನೀರಿಗೆ ಬಿದ್ದ ಮೊಬೈಲನ್ನು ಏನು ಮಾಡಬೇಕು, ಅಜ್ಜನ ಮನೆಯಲ್ಲಿ ಮೊಮ್ಮಗಳಿಗೆ ಪಾಲುಂಟೇ, ಮಗ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಟ್ಟರೆ ಹೇಗೆ ತಿದ್ದಬೇಕು, ಎಲ್ಲಕ್ಕೂ ರಾಯರಲ್ಲಿ ಉತ್ತರವಿತ್ತು. ತನಗೆ ತಿಳಿಯದು ಎಂದು ಅವರು ಬರೆದದ್ದನ್ನು ಯಾರೂ ಓದಿಲ್ಲ.

‘ಒಬ್ಬ ಓದುಗಿ, ಡೊಂಬಿವಲಿ’ ಕೇಳಿದ ಪ್ರಶ್ನೆಗೆ ಅವರು ಹೀಗೆ ಬರೆದರು: “ಬಿಸಿನೀರಿನಿಂದ ಚರ್ಮದ ರಂಧ್ರಗಳು ತೆರೆದಿರುವಾಗ ಶೀತಗಾಳಿ ತಾಗುವುದೇ ಇದಕ್ಕೆ ಕಾರಣ. ಸ್ನಾನದ ವೇಳೆ ಕಿಟಕಿಯನ್ನು ಭದ್ರವಾಗಿ ಮುಚ್ಚಿರಿ. ರಕ್ತವೃದ್ಧಿಗೆ ಖರ್ಜೂರ ಸೇವಿಸಿರಿ.”

ಆ ಭಾನುವಾರವೇ ಸೂರಜ ಸ್ಟೂಲಿನ ಮೇಲೆ ಹತ್ತಿ ಕಿಟಕಿಗೆ ಪ್ಲಾಸ್ಟಿಕ್ ಅಂಟಿಸಿದ. ಉಮಾವತಿ ಕೆಳಗೆ ನಿಂತು ಅಂಟುಪಟ್ಟಿ ಕತ್ತರಿಸಿ ಕೊಟ್ಟರು. ಶರ್ಮಿಳಾ ಖರ್ಜೂರ ತಿನ್ನುತ್ತ, “ನನ್ನ ಪ್ರಶ್ನೆ ಅಚ್ಚಾಯ್ತಲ್ಲ ಅತ್ತೆ, ಇನ್ನು ನಾನೂ ಲೇಖಕಿ” ಎಂದು ನಕ್ಕಳು.

ಶ್ರಾವಣದ ಒಂದು ಶುಕ್ರವಾರ, ಪೂಜೆಗೆಂದು ತಲೆಗೆ ಸ್ನಾನ ಮಾಡಲು ಹೋದವಳು ಹೊರಗೆ ಬರಲಿಲ್ಲ. ಬಾಗಿಲು ಒಡೆದು ನೋಡಿದರೆ ನೀರು ಹರಿಯುತ್ತಲೇ ಇತ್ತು, ಗೀಸರು ಉರಿಯುತ್ತಲೇ ಇತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಸೂರಜನಿಗೆ ಕೇಳಿದ ಮೊದಲ ಮಾತೇ, “ಖಿಡಕಿ ಬಂದ್ ಹೋತೀ ಕಾ?”, ಕಿಟಕಿ ಮುಚ್ಚಿತ್ತೇ ಎಂದು. ಆಮೇಲೆ ಬಿಡಿಸಿ ಹೇಳಿದರು. ಗಾಳಿಯಾಡದ ಕಡೆ ಗ್ಯಾಸ್ ಉರಿದರೆ ಅಲ್ಲಿನ ಪ್ರಾಣವಾಯು ಕಡಿಮೆಯಾಗುತ್ತದೆ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷದ ಗಾಳಿ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮೊದಲು ತಲೆ ತಿರುಗುತ್ತದೆ. ಅದು ಎಚ್ಚರಿಕೆ. ಆ ಕಿಟಕಿ ತೆರೆದಿದ್ದರೆ ಹುಡುಗಿ ಬಹುಶಃ ಉಳಿಯುತ್ತಿದ್ದಳು.

ಉತ್ತರಕ್ರಿಯೆಗೆ ಸ್ನೇಹಕೂಟದವರೆಲ್ಲ ಬಂದು ಉಂಡು ಹೋದರು. ಡಾಕ್ಟರು ಹೇಳಿದ್ದನ್ನು ಉಮಾವತಿ ಅಧ್ಯಕ್ಷ ಕಿಟ್ಟಣ್ಣನಿಗೆ ಅಂದೇ ತಿಳಿಸಿ, “ಪತ್ರಿಕೆಯಲ್ಲಿ ಹಾಕಿ, ಬೇರೆಯವರ ಮನೆಯಲ್ಲಿ ಹೀಗಾಗಬಾರದು” ಎಂದಿದ್ದರು. ಕಿಟ್ಟಣ್ಣ ಕೈಮುಗಿದು “ಹಾಕುವ ಅಕ್ಕ” ಎಂದಿದ್ದರು. ಸಂಚಿಕೆಗಳು ಬಂದವು, ಹೋದವು. ಅದು ಬರಲಿಲ್ಲ. ಬದಲಿಗೆ ನೀಲಿ ಪ್ಲಾಸ್ಟಿಕ್ ಕಳವಾ ಊರಿನವರೆಗೆ ಹೋಗಿತ್ತು. ಇನ್ನೆಷ್ಟು ಮನೆಗೆ ಹೋಗಿದೆಯೋ! ಎದುರಿಗೆ ಚಳಿಗಾಲ, ಇನ್ನು ಎಲ್ಲರಿಗೂ ಬಿಸಿನೀರು ಬೇಕು, ಎಲ್ಲರ ಮನೆಯ ಕಿಟಕಿಯೂ ಮುಚ್ಚುತ್ತದೆ.

ಹೀಗೆ ಕುದಿಯುತ್ತಲೇ ಉಮಾವತಿ ಕಳವಾ ಊರಿನಿಂದ ರಿಕ್ಷಾ ಹಿಡಿದು, ಸೇತುವೆ ದಾಟಿ, ಠಾಣೆಯಲ್ಲಿ ಕಿಟ್ಟಣ್ಣನ ಹೋಟೆಲಿನ ಮಾಳಿಗೆಗೆ ಹೋದರು. ಅಲ್ಲಿ ಡಿಸೆಂಬರಿನ ವಿಶೇಷಾಂಕದ ಮಾತುಕತೆ ನಡೆದಿತ್ತು. ಕಿಟ್ಟಣ್ಣನೇ ಅಧ್ಯಕ್ಷರು, ಅವರೇ ಸಂಪಾದಕರು. ಪಕ್ಕದಲ್ಲಿ ಪುಂಡರೀಕಾಕ್ಷ ರಾಯರು ಕುಳಿತಿದ್ದರು. ರಾಯರ ಉತ್ತರಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡಿ, ಅವರಿಗೆ ಶಾಲು ಹೊದಿಸುವ ಸಮಾರಂಭವೂ ಅದೇ ತಿಂಗಳು.

“ಬನ್ನಿ ಉಮಕ್ಕ, ಕೂತ್ಕೊಳ್ಳಿ. ಚಾ ತರಿಸ್ತೇನೆ.”

“ಚಾ ಬೇಡ. ನಾಲ್ಕು ಸಾಲು ಬೇಕು.” ಉಮಾವತಿ ಪ್ಲಾಸ್ಟಿಕ್ಕಿನ ಮುದ್ದೆಯನ್ನು ಮೇಜಿನ ಮೇಲೆ ಇಟ್ಟರು. “ನಾವು ಕೊಟ್ಟ ಉತ್ತರ ತಪ್ಪು, ಕಿಟಕಿ ತೆರೆದಿಡಿ ಅಂತ. ಇಷ್ಟೇ.”

ರಾಯರು ಕನ್ನಡಕ ತೆಗೆದು ಒರೆಸಿದರು. “ತಾಯೀ, ನಿಮ್ಮ ದುಃಖ ನನಗೆ ಅರ್ಥವಾಗ್ತದೆ. ಆದರೆ ನಾನು ಡಾಕ್ಟರ್ ಅಂತ ಎಲ್ಲಿಯೂ ಹೇಳಿಕೊಂಡವನಲ್ಲ.”

“ಅಲ್ಲ ಅಂತಲೂ ಹೇಳಿಕೊಂಡವರಲ್ಲ.”

“ನೋಡಿ, ಅಚ್ಚಿನಲ್ಲಿ ತಪ್ಪು ಒಪ್ಪಿಕೊಂಡರೆ ನಾಳೆ ಅದು ಕೋರ್ಟಿನಲ್ಲಿ ಸಾಕ್ಷಿಯಾಗಬಹುದು. ಕಾಯ್ದೆ ಹಾಗೆ ಉಂಟು.”

“ಹೌದಾ? ಕಾಯ್ದೆ ಮಾತ್ರ ನಿಮಗೆ ಸರಿಯಾಗಿ ಗೊತ್ತುಂಟು!”

ರಾಯರ ಮುಖ ಕೆಂಪಾಯಿತು. ಕಿಟ್ಟಣ್ಣ ನಡುವೆ ಬಂದರು. “ಉಮಕ್ಕ, ಉಮಕ್ಕ, ಸಮಾಧಾನ. ದೇವರ ಇಚ್ಛೆ. ಅವಳ ಆಯುಷ್ಯವೇ ಅಷ್ಟಿತ್ತು.”

ಉಮಾವತಿಗೆ ಅಲ್ಲಿಯವರೆಗೆ ಬಂದದ್ದು ಸಿಟ್ಟೇ ಅಲ್ಲ. ಅದು ಬಂದದ್ದು ಈಗ.

“ಕಿಟ್ಟಣ್ಣ, ನಾನು ಎರಡು ಹೊತ್ತು ದೀಪ ಹಚ್ಚುವವಳು. ಅವಳು ಹೋದ ದಿನವೂ ಹಚ್ಚಿದ್ದೇನೆ, ಅಳುತ್ತ ಹಚ್ಚಿದ್ದೇನೆ. ಕಿಟಕಿ ಮುಚ್ಚಿ ಅಂತ ದೇವರು ಬರೆಯಲಿಲ್ಲ. ಬರೆದವರು ಇಲ್ಲಿ ಕೂತಿದ್ದಾರೆ, ಅಚ್ಚು ಹಾಕಿಸಿದವರು ನೀವು, ಮುಚ್ಚಿದವರು ನಾವು. ನಮ್ಮ ಕೈಯ ಕೊಳೆಯನ್ನು ಅವನ ಪಾದಕ್ಕೆ ಒರೆಸಬೇಡಿ.”

ಕಿಟ್ಟಣ್ಣನ ಸ್ವರ ತಗ್ಗಿತು, ಮೆದುವಾಗಲಿಲ್ಲ. “ಅಕ್ಕ, ಜನ ಎಂತ ಮಾತಾಡ್ಲಿಕ್ಕೆ ಹೊರಟಿದ್ದರು ಗೊತ್ತುಂಟಾ? ಮದುವೆಯಾಗಿ ನಾಲ್ಕು ವರ್ಷ. ಬಚ್ಚಲಲ್ಲಿ ಸೊಸೆಯ ಹೆಣ, ಮನೆಯಲ್ಲಿ ಅತ್ತೆ ಒಬ್ಬಳೇ. ಪೊಲೀಸರು ಬಂದು ಹೋಗಿದ್ದಾರೆ. ಹಾರ್ಟ್ ಅಟ್ಯಾಕ್ ಅಂತ ನಾಲ್ಕು ಕಡೆ ಹೇಳಿಸಿದವನು ನಾನು. ನಿಮ್ಮ ಮಾನ ಉಳೀಲಿ ಅಂತ.”

“ನನ್ನ ಮಾನ ಉಳಿಸಿ ಅಂತ ನಾನು ಕೇಳಿದ್ದೆನಾ?”

ಬೇಡವೆಂದರೂ ಚಾ ಬಂತು. ಕಿಟ್ಟಣ್ಣ ಅದನ್ನು ಅವರ ಮುಂದೆ ಸರಿಸಿ ಹೇಳಿದರು: “ಒಂದು ಕೆಲಸ ಮಾಡುವ. ವಿಶೇಷಾಂಕದಲ್ಲಿ ಶರ್ಮಿಳಾಗೆ ಇಡೀ ಪುಟದ ಶ್ರದ್ಧಾಂಜಲಿ. ಬಣ್ಣದಲ್ಲಿ. ಕೂಟದ ಲೆಕ್ಕದಲ್ಲಿ. ನಿಮ್ಮಿಂದ ಒಂದು ಪೈಸೆ ಬೇಡ. ಆಗದಾ?”

ಉಮಾವತಿ ಚಾ ಮುಟ್ಟದೆ ಎದ್ದು ಬಂದರು.

ಡೊಂಬಿವಲಿಯ ಲೋಕಲ್ ಗಾಡಿಯಲ್ಲಿ ಯಾರೋ ಹುಡುಗಿ ಎದ್ದು ಜಾಗ ಕೊಟ್ಟಳು. ಮುಂಬ್ರಾದ ಗುಡ್ಡ ಕಾಣುವವರೆಗೂ ಉಮಾವತಿ ತುಟಿ ಬಿಗಿದೇ ಕುಳಿತಿದ್ದರು. ಸತ್ತವಳಿಗೆ ಬಣ್ಣದ ಪುಟವಂತೆ! ಆ ಪುಟಗಳ ಸಂಗತಿ ಅವರಿಗೆ ತಿಳಿಯದ್ದಲ್ಲ. ಗಂಡ ಶಂಭು ತೀರಿಕೊಂಡಾಗ ಒಂದು ಕೊಟ್ಟಿದ್ದರು, ವರ್ಷಾಂತಿಕಕ್ಕೆ ಇನ್ನೊಂದು. ಮೇಲೆ ಫೋಟೋ, ನಡುವೆ ಮಾತು, ಕೆಳಗೆ ‘ದುಃಖತಪ್ತರು’ ಎಂದು ಮನೆಯವರ ಹೆಸರು. ಅವರು ಬರೆದುಕೊಟ್ಟದ್ದರಲ್ಲಿ ಒಂದು ಅಕ್ಷರವನ್ನೂ ಯಾರೂ ಬದಲಿಸಿರಲಿಲ್ಲ. ಕಿಟ್ಟಣ್ಣ ನೋಡಿಯೂ ಇರಲಿಲ್ಲ. ದುಃಖದಲ್ಲಿದ್ದವರ ಮಾತನ್ನು ತಿದ್ದಬಾರದು ಎಂಬುದು ಕೂಟದ ಮರ್ಯಾದೆ. ಆ ಹಾಳೆ ಮನೆಯಿಂದ ನೇರ ಪ್ರೆಸ್ಸಿಗೆ ಹೋಗುತ್ತಿತ್ತು.

ಗಾಡಿ ದಿವಾ ಸ್ಟೇಷನ್ ದಾಟುವಾಗ ಉಮಾವತಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತರು. ಮನೆಗೆ ಬಂದವರೇ ಕಿಟ್ಟಣ್ಣನಿಗೆ ಫೋನ್ ಮಾಡಿದರು.

“ಆ ಪುಟ ಆಗಲಿ.”

“ಭಾರೀ ಸಂತೋಷ ಅಕ್ಕ! ಒಳ್ಳೆಯ ಫೋಟೋ ಒಂದು ಹುಡುಕಿ. ಮಾತು ಎಂತ ಬೇಕೋ ಪ್ರೆಸ್ಸಿನ ಚೆನ್ನಯನಿಗೇ ಕೊಟ್ಟುಬಿಡಿ.”

ಸೂರಜ ವಾಶಿಯ ಆಫೀಸಿನಿಂದ ಬಂದು ಬೂಟು ಬಿಚ್ಚುತ್ತಿದ್ದ. ಹೆಂಡತಿ ಹೋದಂದಿನಿಂದ ಅವನು ತಣ್ಣೀರಿನ ಸ್ನಾನ ಮಾಡುತ್ತಿದ್ದ, ಮಾತೂ ಕಡಿಮೆ. ಉಮಾವತಿ ಪುಟಕ್ಕೆಂದು ತಾವು ಬರೆದದ್ದನ್ನು ಅವನಿಗೆ ಓದಿ ಹೇಳಿ, ಒಂದು ಕಡೆ ನಿಲ್ಲಿಸಿದರು.

“ನಮ್ಮ ಕೈಯಾರೆ ಮುಚ್ಚಿದೆವು ಅಂತ ಬರೆದಿದ್ದೇನೆ ಮಗಾ. ಇರಲಾ, ತೆಗೆಯಲಾ?”

ಅವನು ಬೂಟಿನ ದಾರವನ್ನೇ ನೋಡುತ್ತಿದ್ದ. “ರೆಹೆನೇ ದೋ, ಇರಲಿ ಅಮ್ಮ” ಎಂದ. ಬೂಟು ಬಿಚ್ಚಿಟ್ಟು, “ನನ್ನ ಹೆಸರು ಮೊದಲು ಹಾಕು” ಎಂದ.

ಕಲ್ಯಾಣದ ಪ್ರೆಸ್ಸಿನಲ್ಲಿ ಪುಟ ಕಟ್ಟುವವನು ಚೆನ್ನಯ. ಹಾಳೆಯನ್ನು ಎರಡು ಸಲ ಓದಿದ.

“ಉಮಕ್ಕ, ಇದು ಶ್ರದ್ಧಾಂಜಲಿಯಾ?”

“ಫೋಟೋ ಇಲ್ಲವಾ? ದುಃಖತಪ್ತರು ಅಂತ ಇಲ್ಲವಾ?”

“ಉಂಟು. ಆದರೆ ಕಿಟ್ಟಣ್ಣನಿಗೆ ಒಮ್ಮೆ ತೋರಿಸಿದರೆ…”

“ನನ್ನ ಗಂಡನದ್ದು ತೋರಿಸಿದ್ದೆಯಾ?”

“ಇಲ್ಲ.”

“ಮತ್ತೆ?”

ಚೆನ್ನಯ ತಲೆ ಕೆರೆದುಕೊಂಡ. “ನನ್ನನ್ನು ಅವರು ಒದ್ದು ಓಡಿಸ್ತಾರೆ ಅಕ್ಕ.”

“ಓಡಿಸಿದರೆ ನಮ್ಮಲ್ಲಿಗೆ ಬಾ, ಗಂಜಿ ಹಾಕ್ತೇನೆ. ನಿಮ್ಮ ಮನೆಯ ಗೀಸರು ಎಲ್ಲಿ ಉಂಟು?”

ಅವನು ಹಾಳೆಯನ್ನು ಕಂಪ್ಯೂಟರಿನ ಪಕ್ಕ ಒರಗಿಸಿ ಕೀಲಿ ಒತ್ತತೊಡಗಿದ.

ವಿಶೇಷಾಂಕ ಮನೆಮನೆಗೆ ಬಂತು. ನಗುತ್ತಿರುವ ಶರ್ಮಿಳಾಳ ಫೋಟೋದ ಕೆಳಗೆ ಹೀಗಿತ್ತು:

“ಇವಳು ಹಾರ್ಟ್ ಅಟ್ಯಾಕಿನಿಂದ ಸಾಯಲಿಲ್ಲ. ಸ್ನಾನದ ಮೇಲೆ ತಲೆ ತಿರುಗುತ್ತದೆ, ಏಕೆ ಎಂದು ಇದೇ ಪತ್ರಿಕೆಯಲ್ಲಿ ಕೇಳಿದಳು. ಕಿಟಕಿ ಮುಚ್ಚಿ ಎಂದು ಉತ್ತರ ಬಂತು. ನಮ್ಮ ಕೈಯಾರೆ ಮುಚ್ಚಿದೆವು. ಆ ಉತ್ತರ ತಪ್ಪು. ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿದರೆ ವಾಸನೆಯಿಲ್ಲದ ವಿಷದ ಗಾಳಿ ತುಂಬುತ್ತದೆ. ತಲೆ ತಿರುಗುವುದು ಅದರ ಗುರುತು. ಓದುತ್ತಿರುವವರು ಈ ಪುಟ ಮಡಚಿಟ್ಟು ಮೊದಲು ನಿಮ್ಮ ಬಚ್ಚಲಿಗೆ ಹೋಗಿ. ಗೀಸರು ಹೊರಗೆ ಹಾಕಿಸಿ. ಅಲ್ಲಿಯವರೆಗೆ ಒಲೆಯ ಮೇಲೆ ನೀರು ಕಾಯಿಸಿ. ದುಃಖತಪ್ತರು: ಗಂಡ ಸೂರಜ, ಅತ್ತೆ ಉಮಾವತಿ.” ಅದರ ಕೆಳಗೆ ಮನೆಯ ಫೋನ್ ನಂಬರು.

ಮೊದಲ ಫೋನು ಕಿಟ್ಟಣ್ಣನದ್ದೇ. ಕಿವಿಯಿಂದ ದೂರ ಹಿಡಿದರೂ ಕೇಳುವಷ್ಟು ದೊಡ್ಡ ಸ್ವರ. “ಎಂತ ಮಾಡಿದ್ದು ನೀವು! ಅನ್ನ ಹಾಕಿದ ಕೈಗೇ ಕಚ್ಚಿದಿರಲ್ಲ! ಶ್ರದ್ಧಾಂಜಲಿ ಅಂತ ಪುಟ ಕೊಟ್ಟರೆ ನಮ್ಮ ಮುಖಕ್ಕೆ ಮಸಿ ಬಳಿದಿರಲ್ಲ! ರಾಯರು ಸಮಾರಂಭಕ್ಕೆ ಬರುವುದಿಲ್ಲ ಅಂತ ಮನೆಯಲ್ಲಿ ಕೂತಿದ್ದಾರೆ. ಪುಸ್ತಕ ಬೈಂಡಾಗಿ ಬಿದ್ದಿದೆ!”

ಅವರು ದಣಿಯುವವರೆಗೂ ಉಮಾವತಿ ಕಾದರು.

“ಮುಗಿಯಿತಾ ಕಿಟ್ಟಣ್ಣ? ಈಗ ನನ್ನದೊಂದು ಪ್ರಶ್ನೆ. ನಿಮ್ಮ ಮನೆಯಲ್ಲೂ ಗ್ಯಾಸ್ ಗೀಸರೇ ಅಲ್ಲವಾ?”

“ಅದು… ಇತ್ತು. ನಾವು ತೆಗೆಸಿದ್ದೇವೆ.”

“ಯಾವಾಗ?”

“ಅದೆಲ್ಲ ಈಗ ಯಾಕೆ ಅಕ್ಕ?”

“ಯಾವಾಗ ತೆಗೆಸಿದ್ದು?”

“ಉತ್ತರಕ್ರಿಯೆ ಮುಗಿಸಿ ಬಂದ ದಿನ. ನೀವು ಹೇಳಿದಿರಲ್ಲ… ನನ್ನ ಹೆಂಡತಿ ಹೆದರಿದಳು.”

ನಿಮ್ಮ ಹೆಂಡತಿಗೆ ಒಂದು ಜೀವ, ದಮಯಂತಿಗೆ ಇನ್ನೊಂದಾ, ಎಂದು ಕೇಳಹೊರಟ ಉಮಾವತಿ ಅದನ್ನು ಬಿಟ್ಟು ರಿಸೀವರನ್ನು ಕುಕ್ಕಿದರು. ಫೋನು ಮತ್ತೆ ಬಡಿದುಕೊಂಡಿತು. ಎತ್ತಿ ಕಿರುಚಿದರು: “ಇನ್ನೆಂತ?”

“ಆಂಟೀ…” ಯಾವುದೋ ಹುಡುಗಿಯ ಸ್ವರ, ಹೆದರಿದ್ದು. “ಮೈ ಬದಲಾಪುರ್ ಸೇ. ಅಮ್ಮ ಪೇಪರ್ ಓದಿ ಹೇಳಿದ್ರು. ನಮ್ಮ ಬಾತ್‌ರೂಮಿಗೆ ಕಿಟಕಿನೇ ಇಲ್ಲ. ಕ್ಯಾ ಕರೂಂ, ಎಂತ ಮಾಡ್ಲಿ?”

“ಬಾಗಿಲಿನ ಕೆಳಗೆ ಸಂದು ಉಂಟಾ?”

“ಸ್ವಲ್ಪ. ಅಷ್ಟು ಇದ್ರೆ ಸಾಕಾ?”

“ನನಗೆ ಗೊತ್ತಿಲ್ಲ ಮಗಾ. ಸಾಕು ಅಂತ ನಾನು ಹೇಳುವುದಿಲ್ಲ. ಗೊತ್ತಿದ್ದವರನ್ನು ಕೇಳಿ ಹೇಳ್ತೇನೆ.” ಸ್ವರದಲ್ಲಿದ್ದ ಸಿಟ್ಟು ಇನ್ನೂ ಇಳಿದಿರಲಿಲ್ಲ, ಇಳಿಸಬೇಕೆಂದು ಅವರಿಗೆ ಅನ್ನಿಸಲೂ ಇಲ್ಲ. “ಈಗ ಒಳಗೆ ಯಾರಿದ್ದಾರೆ?”

“ತಮ್ಮ. ನಹಾ ರಹಾ ಹೈ, ಸ್ನಾನ ಮಾಡ್ತಿದ್ದಾನೆ.”

“ಬಾಗಿಲು ಬಡಿ! ಹೊರಗೆ ಕರೆ. ಗ್ಯಾಸ್ ಬಂದ್ ಮಾಡು. ಫೋನ್ ಇಡಬೇಡ, ನಾನು ಇಲ್ಲೇ ಇದ್ದೇನೆ. ಹೋಗು!”

ಓಡುವ ಹೆಜ್ಜೆಗಳು ಕೇಳಿಸಿದವು. ಆಮೇಲೆ ದೂರದಲ್ಲಿ ಬಾಗಿಲು ಬಡಿಯುವ ಸದ್ದು. ದೇವರ ಮುಂದೆ ಸಂಜೆಯ ದೀಪ ಇನ್ನೂ ಹಚ್ಚಿರಲಿಲ್ಲ. ಉಮಾವತಿ ರಿಸೀವರನ್ನು ಕಿವಿಗೆ ಒತ್ತಿಕೊಂಡು, ಆ ಬಾಗಿಲು ತೆರೆಯುವುದನ್ನೇ ಕಾಯುತ್ತ ನಿಂತರು. ಕೊನೆಗೆ ಚಿಲಕ ಸರಿಯಿತು. “ಕ್ಯಾ ಹುವಾ ದೀದೀ, ಸಾಬೂನ್ ಲಗಾ ಹೈ!” ಎಂದು, ಮೈಯ ಸಾಬೂನು ತೊಳೆಯುವ ಮೊದಲೇ ಕರೆದದ್ದಕ್ಕೆ, ಹುಡುಗನೊಬ್ಬ ಬೈಯುವುದು ಕೇಳಿಸಿತು.

“ಬೈಯಲಿ” ಎಂದರು ಉಮಾವತಿ, ಖಾಲಿ ಫೋನಿಗೆ. “ಬೈಯಲಿ ಅವನು.”